ಅತ್ತೆಯ ತಿಪ್ಪೆ ತಪಾಸಣೆ

ಕೀಟಗಳಿಗೂ ಒಂದು ಪೊಲೀಸ್ ಠಾಣೆ ಇದ್ದಿದ್ದರೆ, ಗಂಗಾವತಿ ಸೀಮೆಯ ದುಂಬಿಗಳೆಲ್ಲ ಸೇರಿ ಮೊದಲ ದೂರು ಕೊಡುತ್ತಿದ್ದದ್ದು ನನ್ನ ಸೋದರತ್ತೆಯ ಮೇಲೆ! ಊರಿನ ಗಂಡಸರ ಮಾತು ಬಿಡಿ, ಕಾಲುವೆಗೆ ನೀರು ಬಿಡುವವನೂ ಅವಳ ಮನೆಯ ಮುಂದೆ ಸೈಕಲ್ ಇಳಿದು ನಡೆದು ಹೋಗುತ್ತಾನೆ. ಅಂಥ ಅತ್ತೆಗೆ ಹೆಬ್ಬೆರಳು ಗಾತ್ರದ, ಮೂತಿಯ ಮೇಲೆ ಕೋಡಿರುವ ಒಂದು ಕರಿ ದುಂಬಿ ಸವಾಲು ಹಾಕಿತೆಂದರೆ ಅದರ ಧೈರ್ಯವನ್ನು ಮೆಚ್ಚಲೇಬೇಕು.

ವಿಷಯ ಇಷ್ಟು. ಶ್ರೀರಾಮನಗರದ ಆಚೆಗಿನ ಹಳ್ಳಿಯಲ್ಲಿ ಅತ್ತೆ-ಮಾವ ಉಳುವುದು ಬೇರೆಯವರ ಗದ್ದೆ, ಲಾವಣಿಗೆ, ಅಂದರೆ ಗೇಣಿಗೆ ಹಿಡಿದದ್ದು. ಭತ್ತ ಬಂದರೆ ಗದ್ದೆಯ ಒಡೆಯನಿಗೆ, ಗೊಬ್ಬರದಂಗಡಿಗೆ ಅಂತ ಹಂಚಿ ಹೋಗುತ್ತದೆ. ಸ್ವಂತದ್ದು ಅಂತ ಇರುವುದು ಹಿತ್ತಲಿನ ತೆಂಗಿನ ಗಿಡಗಳು ಮಾತ್ರ. ಆ ಕಾಯಿಗಳನ್ನು ಹೇಮಗುಡ್ಡದ ದುರ್ಗಮ್ಮನ ಗುಡಿಯ ಕೆಳಗೆ ಕೂತು ಮಾರಿದರೇನೇ ಮನೆಗೆ ಎಣ್ಣೆ, ಬೇಳೆ, ಮಾವನ ಬಿ.ಪಿ. ಗುಳಿಗೆ. ವ್ಯಾಪಾರದಲ್ಲೂ ಅತ್ತೆಯದು ಬೇರೆಯದೇ ದಾರಿ. ಅವಳ ಕಾಯಿಗೆ ಗ್ಯಾರಂಟಿ ಇದೆ! ಒಡೆದಾಗ ಕೆಟ್ಟಿದ್ದರೆ ಬೇರೆ ಕಾಯಿ ಪುಕ್ಕಟೆ. ಒಮ್ಮೆ ಒಬ್ಬ ಗಿರಾಕಿ ಕಾಯಿ ಕೆಟ್ಟಿತು, ಅಪಶಕುನವಾಯಿತು ಎಂದು ಅಳುಮೋರೆ ಮಾಡಿಕೊಂಡು ಬಂದ. ತಪ್ಪು ಗಿಡದ್ದು, ನಿನ್ನದಲ್ಲ, ದುರ್ಗಮ್ಮನಿಗೆ ನಾನು ಹೇಳುತ್ತೇನೆ ಎಂದು ಅವನನ್ನು ಸಮಾಧಾನ ಮಾಡಿ ಕಳಿಸಿದಳು. ದೇವಿಗೆ ಬೇರೆ ಇವಳ ಶಿಫಾರಸು!

ಇಂಥ ಗಿಡಗಳ ಗರಿಗಳು ಕಳೆದ ವರ್ಷ ಕತ್ತರಿ ಹಾಕಿದ ಹಾಗೆ ಓರೆಯಾಗಿ ತುಂಡಾಗತೊಡಗಿದವು. ದುಂಬಿ ಸುಳಿಯೊಳಗೆ ಹೊಕ್ಕು ಎಳೆಯ ಗರಿಯನ್ನೇ ಕೊರೆಯುತ್ತದೆ. ಗರಿ ಬಿಚ್ಚಿಕೊಂಡಾಗ ಹರಕು ಕಾಣುತ್ತದೆ. ಒಂದು ಗಿಡವಂತೂ ಸುಳಿಯೇ ಬಿದ್ದು ಬೋಳಾಗಿ ನಿಂತಿತು. ಉಳಿದವೂ ಹೀಗೇ ಆದರೆ ಹೇಮಗುಡ್ಡಕ್ಕೆ ಒಯ್ಯುವುದೇನನ್ನು? ಗಿಡ ಕಡಿಸಿ ಜಾಗವನ್ನು ಸೈಟು ಮಾಡಿ ಮಾರಿಬಿಡಿ ಎಂದು ಕೆಲವರು ಸಲಹೆ ಕೊಟ್ಟರು. ಅತ್ತೆ ಅವರಿಗೆ ಚಹಾ ಕೊಡುವುದನ್ನೇ ನಿಲ್ಲಿಸಿದಳು.

ಯುದ್ಧ ಶುರುವಾಯಿತು. ಗಿಡ ಹತ್ತುವವನನ್ನು ಕರೆಸಿ, ಕಬ್ಬಿಣದ ಕೊಕ್ಕೆಯಿಂದ ಸುಳಿಯೊಳಗಿನ ದುಂಬಿಗಳನ್ನು ಎಳೆಸಿದಳು. ಸತ್ತವನ್ನು ಬಿಸಾಡಿದಳೇ? ಇಲ್ಲ! ದಾರಕ್ಕೆ ಪೋಣಿಸಿ ಗಿಡಗಳಿಗೆ ಹಾರ ಹಾಕಿದಳು, ಉಳಿದವು ನೋಡಿ ಬುದ್ಧಿ ಕಲಿಯಲಿ ಅಂತ. ಕಲಿತ ಲಕ್ಷಣವೇನೂ ಕಾಣಲಿಲ್ಲ. ಆಮೇಲೆ ಹರಳೆಣ್ಣೆಯ ಹಿಂಡಿಯನ್ನು ಮಡಕೆಗಳಲ್ಲಿ ಕೊಳೆಹಾಕಿ ಹಿತ್ತಲ ತುಂಬ ಇಟ್ಟಳು. ಆ ವಾಸನೆಗೆ ದುಂಬಿಗಳು ಬಂದು ಬೀಳುತ್ತವಂತೆ. ಕೆಲವು ಬಿದ್ದವು, ನಿಜ. ಆದರೆ ನಾಲ್ಕು ದಿನ ಇರಲೆಂದು ತಾವರಗೇರಾದಿಂದ ಬಂದ ಬೀಗರು ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಬಸ್ ಹತ್ತಿದರು. ಒಂದೇ ಮದ್ದಿಗೆ ಎರಡು ಪೀಡೆ ತೊಲಗಿದವು ಎಂದು ಅತ್ತೆ ನನಗೆ ಫೋನಿನಲ್ಲಿ ವರದಿ ಒಪ್ಪಿಸಿದಳು.

ಈ ದುಂಬಿ ಮೊಟ್ಟೆಯಿಡುವುದು ಗಿಡದಲ್ಲಲ್ಲ, ಹಳೆಯ ತಿಪ್ಪೆಯಲ್ಲಿ ಎಂದು ಕೃಷಿ ಇಲಾಖೆಯವರು ಒಂದು ದಿನ ಊರಿಗೆ ಬಂದು ಹೇಳಿ ಹೋದರು. ಅವರೇನೋ ಹೇಳಿ ಜೀಪು ಹತ್ತಿದರು, ಗ್ರಹಚಾರ ಒಕ್ಕರಿಸಿದ್ದು ಓಣಿಗೆ! ಅತ್ತೆ ಸಲಿಕೆ ಹೆಗಲಿಗೇರಿಸಿ ಕಂಡಕಂಡವರ ತಿಪ್ಪೆಗೆ ಇಳಿದಳು. ಅನುಮತಿಯೇ? ಯಾರು, ಯಾರನ್ನು ಕೇಳಬೇಕು? ತಿಪ್ಪೆಯೆಂದರೆ ನಮ್ಮಲ್ಲಿ ಲಕ್ಷ್ಮಿ, ದೀಪಾವಳಿಗೆ ಅದಕ್ಕೂ ಪೂಜೆ. ಪರರು ಬಂದು ಕೆದಕಿದರೆ ಸುಮ್ಮನಿರುತ್ತಾರೆಯೇ? ಜಗಳವೋ ಜಗಳ. ಸಿಕ್ಕ ಒಂದೊಂದು ಹುಳುವನ್ನೂ ಎತ್ತಿ ಹಿಡಿದು, ಆ ಮನೆಯವರ ಸೋಮಾರಿತನದ ಬಗ್ಗೆ ಅತ್ತೆ ಭಾಷಣ ಮಾಡಿದಳು.

ಆ ವಾರವೇ ನಾನು ಹೋಗಿದ್ದೆ. ರೊಟ್ಟಿ ಬಡಿಸುತ್ತಲೇ ಯಾರ ತಿಪ್ಪೆಯಲ್ಲಿ ಎಂಥ ಹುಳು ಸಿಕ್ಕಿತೆಂದು ವರ್ಣಿಸುತ್ತಿದ್ದಳು. ಊಟ ಹೇಗೆ ಗಂಟಲಿಗಿಳಿಯಿತೆಂದು ಮಾತ್ರ ಕೇಳಬೇಡಿ. ಮಾವ ಹಬ್ಬಕ್ಕೊಂದು ಮಾತಾಡುವ ಮನುಷ್ಯ. ತಾಟಿನಿಂದ ತಲೆ ಎತ್ತದೆ ಅಂದ:

“ಊರಾಗಿನ ತಿಪ್ಪಿ ಎಲ್ಲಾ ನೋಡಿದಿ. ನಮ್ಮದು ನೋಡಿದೇನು?”

ಅತ್ತೆಯ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಅವರ ತಿಪ್ಪೆ ಓಣಿಗೇ ದೊಡ್ಡದು. ಮೇಲಿನ ಗೊಬ್ಬರವನ್ನು ವರ್ಷವರ್ಷ ಗದ್ದೆಗೆ ಒಯ್ಯಲು ಬಿಟ್ಟರೂ ತಳ ಮುಟ್ಟಲು ಅವಳು ಯಾರನ್ನೂ ಬಿಟ್ಟವಳಲ್ಲ. ತಿಪ್ಪೆಯ ತಳ ಕಂಡರೆ ಮನೆ ಬರಿದಾಗುತ್ತದೆ ಎಂಬುದು ಅವಳ ವಾದ. ಆ ದಿನವೆಲ್ಲ ಮಾವನ ಜೊತೆ ಮಾತು ಬಿಟ್ಟಳು. ಮಾವನಿಗೆ ಅದು ಗೊತ್ತಾಯಿತೋ ಇಲ್ಲವೋ, ಅನುಮಾನ!

ಮರುದಿನ ಬೆಳಿಗ್ಗೆ ನೋಡಿದರೆ, ಯಾರ್ಯಾರಿಗೆ ಬೈದಿದ್ದಳೋ ಅವರೆಲ್ಲರ ಬಾಗಿಲಿಗೆ ಹೋಗಿ ನಿಂತಿದ್ದಾಳೆ.

“ಕಳ್ಳ ನಮ್ಮನ್ಯಾಗ ಅದಾನ. ನೋಡಾಕ ಬರ್ರಿ. ಬೈಯೂದಿದ್ರ ಅಲ್ಲೇ ಬಂದು ಬೈರಿ.”

ಬೈಯಲು ಬಂದವರ ಕೈಗೆ ಬುಟ್ಟಿ ಕೊಟ್ಟಳು! ತಾನೇ ಮೊದಲು ತಿಪ್ಪೆಗುಂಡಿಗಿಳಿದಳು. ಗೊಬ್ಬರ ತೆಗೆದಂತೆಲ್ಲ ಬಿಳಿಯ ಗೊಣ್ಣೆಹುಳುಗಳು ಬೊಗಸೆ ಬೊಗಸೆ ಸಿಕ್ಕವು. ಓಣಿಯ ಕೋಳಿಗಳೆಲ್ಲ ಬಂದು ತಿಂದವು. ಕೊನೆಗೆ ತಿನ್ನಲಾರದೆ ನೆರಳು ಹುಡುಕಿಕೊಂಡು ಹೋದವು. ಸಂಜೆಯ ಹೊತ್ತಿಗೆ ತಳ ಕಂಡಿತು. ನಮ್ಮ ತಿಪ್ಪೆಯನ್ನೂ ಖಾಲಿ ಮಾಡುತ್ತೇವೆ ಎಂದು ಜನ ತಾವಾಗಿಯೇ ಒಪ್ಪಿದರು. ಅತ್ತೆ ತಪ್ಪಾಯಿತು ಅಂದಳೇ? ಅದು ಅವಳ ಜಾಯಮಾನದಲ್ಲೇ ಇಲ್ಲ. ನಾಳೆ ಸಲಿಕೆ ಹಿಡಿದು ತಾನೇ ಬರುವುದಾಗಿ ಬೆದರಿಕೆ ಹಾಕಿದಳು.

ನಾನು ನಗುತ್ತ ತಿರುಗಿ ನೋಡಿದರೆ ಅವಳು ಗುಂಡಿಯ ತಳದಲ್ಲಿ ಕೂತುಬಿಟ್ಟಿದ್ದಳು. ಸುಸ್ತಾಯಿತೇ ಎಂದು ಕೇಳಿದೆ.

“ನಿಮ್ಮ ಅಜ್ಜ ನನ್ನ ಕೊಡೂಮುಂದ ಈ ಮನಿ ನೋಡಲಿಲ್ಲೋ ಅಳಿಯಾ. ಹುಡುಗನ ಮಾರಿನೂ ನೋಡಲಿಲ್ಲ. ಈ ತಿಪ್ಪಿ ನೋಡಿದ. ಇಷ್ಟು ದೊಡ್ಡ ತಿಪ್ಪಿ ಐತಿ ಅಂದ್ರ ದನ ಅದಾವ, ದುಡಿಯೋ ಮಂದಿ ಅದಾರ, ನನ್ನ ಮಗಳು ಉಪಾಸ ಇರಂಗಿಲ್ಲ ಅಂದ. ಈಗ ಅಪ್ಪ ಬಂದ್ರ ನಾ ಏನ್ ತೋರಿಸ್ಲಿ?”

ಅಜ್ಜ ತೀರಿಹೋಗಿ ಎಷ್ಟೋ ವರ್ಷಗಳಾದವು. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡುವುದೇಕೆ? ಮಾವ ಗುಂಡಿಯ ಅಂಚಿಗೆ ಬಂದು ಬಗ್ಗಿ ಕೈ ಚಾಚಿದ.

“ಗಿಡ ತೋರಿಸೂಣು. ನೀ ಮ್ಯಾಲ ಬಾ.”

ನಾಲ್ಕು ಜನರೆದುರು ಗಂಡನ ಕೈ ಹಿಡಿಯುವುದು ಆ ಓಣಿಯ ರೂಢಿಯಲ್ಲ. ಬುಟ್ಟಿ ಹಿಡಿದ ಹೆಂಗಸರು ಇನ್ನೂ ಅಲ್ಲೇ ನಿಂತಿದ್ದರು. ಅತ್ತೆ ಅವರನ್ನೆಲ್ಲ ಒಮ್ಮೆ ದುರುಗುಟ್ಟಿ ನೋಡಿ, ಮಾವನ ಕೈ ಹಿಡಿದು ಮೇಲೆ ಬಂದಳು. ಬಂದ ಮೇಲೂ ಬಿಡಲಿಲ್ಲ. ಗೊಬ್ಬರ ಮೆತ್ತಿದ ಕೈಯಲ್ಲಿ ಆ ಕೈಯನ್ನು ಹಿಡಿದುಕೊಂಡೇ, ಹರಕು ಗರಿಯ ಗಿಡಗಳ ಕಡೆಗೆ ನಡೆದಳು.