ಒಂದೇ ಕಾಯಿಯ ಶತ್ರುಸಂಹಾರ

ನಮ್ಮ ಕಾಫಿ ಸೀಮೆಯಲ್ಲಿ ದೇವರಾಗಿರುವುದು ಬಹಳ ಕಷ್ಟದ ಕೆಲಸ ಎಂದು ನನಗೆ ಆಗಾಗ ಅನ್ನಿಸುತ್ತದೆ. ಮಾರ್ಚ್ ತಿಂಗಳನ್ನೇ ನೋಡಿ. ಗಿಡದಲ್ಲಿ ಮೊಗ್ಗು ಕಟ್ಟಿಕೊಂಡವನು ಹೂಮಳೆ ಕೊಡು ಎಂದು ಕೈ ಮುಗಿಯುತ್ತಾನೆ. ಕಣದಲ್ಲಿ ಇನ್ನೂ ಕಾಫಿ ಹರಡಿಕೊಂಡವನು ಇನ್ನೊಂದು ವಾರ ಮಳೆ ಬೇಡಪ್ಪಾ ಎಂದು ಅದೇ ದೇವರಿಗೆ, ಅದೇ ಸಾಲಿನಲ್ಲಿ ನಿಂತು ಕೈ ಮುಗಿಯುತ್ತಾನೆ. ಮಗಳ ಮದುವೆಗೆ ಚಪ್ಪರ ಹಾಕಿಸಿದವನ ಅರ್ಜಿ ಬೇರೆಯೇ. ದೇವರು ಕಲ್ಲಾಗಿ ಕೂತಿರುವುದಕ್ಕೆ ನಮ್ಮಂಥ ಭಕ್ತರೇ ಕಾರಣ ಇರಬೇಕು. ನಾನೂ ಒಂದು ಸಲ ಅವನನ್ನು ಇಂಥದೇ ಇಕ್ಕಟ್ಟಿಗೆ ಸಿಕ್ಕಿಸಿದ್ದೆ. ಅದನ್ನು ಹೇಳಿಕೊಂಡರೆ ಮನಸ್ಸು ಸ್ವಲ್ಪ ಹಗುರವಾದೀತು.

ಕಾರ್ಗಿಲ್ ಯುದ್ಧ ನಡೆಯುತ್ತಿದ್ದ ದಿನಗಳು. ಬಾಳೂರಿನ ಹತ್ತಿರ ನಮ್ಮದೊಂದು ಸಣ್ಣ ತೋಟ. ಬೇಲಿಯಾಚೆ ರುದ್ರೇಗೌಡರ ತೋಟ. ನನಗಿಂತ ಹಿರಿಯರು, ನಾನು ರುದ್ರಣ್ಣ ಎನ್ನುತ್ತೇನೆ. ಅವರ ಮನೆ ದಿಬ್ಬದ ಮೇಲೆ, ನಮ್ಮದು ಗುಂಡಿಯಲ್ಲಿ. ಹಾಗಾಗಿ ಅವರ ಮನೆಯ ಟಿ.ವಿ.ಯಲ್ಲಿ ಮನುಷ್ಯರು ಕಾಣುತ್ತಿದ್ದರು, ನಮ್ಮ ಮನೆಯದರಲ್ಲಿ ನುಚ್ಚಕ್ಕಿ ಸುರಿಯುತ್ತಿತ್ತು. ಫೋನೂ ಅವರ ಮನೆಗೇ ಬಂದಿತ್ತು, ನಮ್ಮಲ್ಲಿಗೆ ಕಂಬ ಮಾತ್ರ ಬಂದಿತ್ತು. ಸಾಲದ್ದಕ್ಕೆ ನಮ್ಮ ಜೀಪು ರಸ್ತೆ ಹೋಗುವುದೂ ಅವರ ತೋಟದ ನಡುವೆಯೇ. ಅಪ್ಪಂದಿರ ಕಾಲದಿಂದ ಹಾಗೇ ನಡೆದುಕೊಂಡು ಬಂದದ್ದು, ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಡುವೆ ಬಂದದ್ದು ಬೇಲಿಯ ಮೇಲಿನ ಅತ್ತಿಮರ. ಮಳೆಗಾಲಕ್ಕೆ ಮೊದಲು ನೆರಳು ಕಡಿಮೆ ಮಾಡಲು ಮರದ ಕೊಂಬೆ ಕಡಿಸುತ್ತೇವೆ, ಮರಗಸಿ ಎನ್ನುತ್ತೇವೆ. ಆ ಮರದ ನನ್ನ ಕಡೆಯ ಕೊಂಬೆಯನ್ನು ನಾನು ಕಡಿಸಿದೆ. ಕೊಂಬೆ ನನ್ನದೇ, ಆದರೆ ಬೀಳುವಾಗ ಅದಕ್ಕೆ ಆ ಜ್ಞಾನ ಇರಲಿಲ್ಲ. ಹೊರಳಿಕೊಂಡು ರುದ್ರಣ್ಣನ ಎಳೆಗಿಡಗಳ ಮೇಲೆ ಮಲಗಿತು. "ಗಿಡ ಹೋದ್ರೆ ಹೋಯ್ತು ಮಾರಾಯ, ಒಂದು ಮಾತು ಹೇಳ್ಬಾರ್ದಿತ್ತಾ?" ಎಂದರು. "ನನ್ನ ಕೊಂಬೆ ಕಡಿಯೋಕೆ ನಿಮ್ಮನ್ನ ಕೇಳ್ಬೇಕಾ?" ಎಂದೆ. ಅಷ್ಟೇ. ಮರುದಿನ ರುದ್ರಣ್ಣ ಜೀಪು ರಸ್ತೆಗೆ ಅಡ್ಡಲಾಗಿದ್ದ ಉಣುಗೋಲಿನ, ಎಂದರೆ ಸರಿಸಿ ತೆಗೆಯುವ ಗೇಟಿನ, ಬಿದಿರುಗಳಿಗೆ ಮುಳ್ಳುತಂತಿ ಸುತ್ತಿಸಿದ್ದರು. ನಮ್ಮ ಜೀಪಿನ ಜೊತೆ ಅವರದೂ ಒಳಗೇ ಉಳಿಯಿತು, ಎರಡೂ ಮನೆಯವರು ಕಾಲುದಾರಿ ಹಿಡಿದೆವು.

ಇಷ್ಟಾದರೂ ನನ್ನ ಹೆಂಡತಿ ಲಲಿತ ದಿನಾ ಸಂಜೆ ಬೇಲಿ ನುಸುಳಿ ಅವರ ಮನೆಗೆ ವಾರ್ತೆ ನೋಡಲು ಹೋಗುತ್ತಿದ್ದಳು. ಅವಳ ತಮ್ಮ ಸತೀಶ ಸೈನ್ಯದಲ್ಲಿದ್ದ, ಅವನ ದಳವನ್ನೂ ಕಾರ್ಗಿಲ್ ಕಡೆಗೆ ಕಳಿಸಿದ್ದರು. ಬಹಳ ದಿನದಿಂದ ಸುದ್ದಿಯಿರಲಿಲ್ಲ. ಶತ್ರುವಿನ ಮನೆಗೆ ಹೋಗುವುದೇ ಎಂದು ನಾನು ಕೇಳಿದ್ದಕ್ಕೆ, "ಯುದ್ಧ ನಿಮ್ಮಿಬ್ರುದ್ದು ಕಣ್ರೀ. ನಂಗೂ ಗಿರಿಜಕ್ಕಂಗೂ ಏನೂ ಆಗಿಲ್ಲ" ಎಂದಳು. ಗಿರಿಜಕ್ಕ ಎಂದರೆ ರುದ್ರಣ್ಣನ ಹೆಂಡತಿ. ಲಲಿತ ಹಿಂತಿರುಗುವವರೆಗೆ ನಾನು ಜಗಲಿಯಲ್ಲಿ ಶತಪಥ ಹಾಕುತ್ತಿದ್ದೆ. ಬಂದವಳ ಮುಖ ನೋಡಿ ಸತೀಶನ ಸುದ್ದಿಯಿಲ್ಲ ಎಂದು ತಿಳಿದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಭಯವಾಗುತ್ತಿತ್ತು. ಭಯವನ್ನು ತೋರಿಸಿಕೊಳ್ಳಲಾಗದೆ ಅದನ್ನೂ ರುದ್ರಣ್ಣನ ಮೇಲೆಯೇ ತೀರಿಸಿಕೊಳ್ಳುತ್ತಿದ್ದೆ. ಕಾರ್ಗಿಲ್‌ನಲ್ಲಿ ಶತ್ರು ಬೆಟ್ಟದ ತುದಿಯಲ್ಲಿ ಕೂತಿದ್ದಾನೆ, ನಮ್ಮವರು ಕೆಳಗಿನಿಂದ ಹತ್ತಬೇಕು ಎಂದು ಅವಳು ಹೇಳಿದಾಗ ನಾನು ದಿಬ್ಬದ ಮೇಲಿನ ದೀಪವನ್ನು ನೋಡಿ ಹಲ್ಲು ಕಡಿದೆ.

ಸೈನಿಕರಿಗಾಗಿ ಊರ ದೇವಸ್ಥಾನದಲ್ಲಿ ವಿಶೇಷ ಪೂಜೆ ನಡೆಯುತ್ತಿತ್ತು. ಸತೀಶನ ಹೆಸರಿನಲ್ಲಿ ನಾವೂ ಒಂದು ಮಾಡಿಸೋಣ ಎಂದು ಲಲಿತ ಹೊರಟಳು. ನಾನು ಬಾಯಿಬಿಡದೆ ಹಿಂಬಾಲಿಸಿದೆ, ಏಕೆಂದರೆ ನನ್ನ ಮನಸ್ಸಿನಲ್ಲಿ ಶತ್ರುಸಂಹಾರ ಪೂಜೆಯೊಂದು ಕೂತಿತ್ತು. ಭಟ್ಟರು ಲಲಿತಳ ಸಂಕಲ್ಪ ಕೇಳಿದರು. "ಸತೀಶ ಕ್ಷೇಮವಾಗಿ ಮನೆಗೆ ಬರ್ಲಿ. ಆ ಕಡೆ ಹುಡುಗ್ರೂ ಅವರವರ ಮನೆಗೆ ಹೋಗ್ಲಿ" ಎಂದಳು.

ಭಟ್ಟರ ಕೈ ಅಕ್ಷತೆಯ ತಟ್ಟೆಯಲ್ಲೇ ನಿಂತಿತು. "ಎಲ್ರೂ ಮನೆಗೆ ಹೋದ್ರೆ ಯುದ್ಧ ಮಾಡೋರು ಯಾರಮ್ಮ?"

"ಅದನ್ನ ಯುದ್ಧ ಬೇಕು ಅಂದವ್ರು ನೋಡ್ಕೊಳ್ಳಿ."

"ಇಂಥ ಸಂಕಲ್ಪ ನಮ್ಮಪ್ಪ ನಂಗೆ ಹೇಳ್ಕೊಟ್ಟಿಲ್ಲ. ನೋಡಣ" ಎಂದು ಭಟ್ಟರು ಗೊಣಗುತ್ತಲೇ ಪೂಜೆ ಮಾಡಿಕೊಟ್ಟರು.

ಅವಳು ಪ್ರದಕ್ಷಿಣೆಗೆ ಹೋದದ್ದೇ ತಡ, ನಾನು ಭಟ್ಟರ ಕಿವಿಯ ಬಳಿ ನನ್ನ ಬೇಡಿಕೆ ಇಟ್ಟೆ. ಅವರು ಆಶ್ಚರ್ಯಪಡಲಿಲ್ಲ. "ಶತ್ರು ಯಾರು?" ಎಂದರು.

"ಹೆಸರು ಬೇಕಾ? ದೇವ್ರಿಗೆ ಗೊತ್ತಿರಲ್ವಾ?"

"ಗೊತ್ತಿರುತ್ತೆ ಗೌಡ್ರೆ. ಆದ್ರೆ ತಪ್ಪಿ ಇನ್ಯಾರಿಗೋ ತಗುಲಿದ್ರೆ ನಾನು ಜವಾಬ್ದಾರನಲ್ಲ."

ಹೆಸರು ಹೇಳಿದೆ. "ಸರಿ, ಅವ್ರಿಗೆ ಏನಾಗ್ಬೇಕು?" ಎಂದು ಭಟ್ಟರು ಮುಂದಿನ ಪ್ರಶ್ನೆ ಹಾಕಿದರು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಇಷ್ಟು ದಿನ ಸಿಟ್ಟನ್ನು ಸಾಕಿದ್ದೆನೇ ಹೊರತು ಅದಕ್ಕೊಂದು ಕೆಲಸ ಕೊಟ್ಟಿರಲಿಲ್ಲ. ಕಾಲು ಮುರಿಯಲಿ ಎನ್ನೋಣವೆಂದುಕೊಂಡೆ. ಆದರೆ ನಮ್ಮ ಅಮ್ಮನಿಗೆ ಎದೆನೋವು ಬಂದಾಗ ಮೂಡಿಗೆರೆಯ ತನಕ ಜೀಪು ಓಡಿಸಿದ್ದು ಅದೇ ಕಾಲು. ನಾನು ಓಡಿಸಿದ್ದರೆ ಕೊಟ್ಟಿಗೆಹಾರದ ತಿರುವಿನಲ್ಲೇ ಎಲ್ಲರೂ ಒಟ್ಟಿಗೆ ದೇವರ ಪಾದ ಸೇರುತ್ತಿದ್ದೆವು. ಹಾಗಾದರೆ ಅವರ ಕಾಫಿಗೆ ಕಾಯಿಕೊರಕ ಬೀಳಲಿ ಎನ್ನೋಣವೇ? ಆ ಹುಳುವಿಗೆ ಬೇಲಿಯ ಗಡಿ ತೋರಿಸುವವರು ಯಾರು? ಇವತ್ತು ಅವರ ತೋಟ, ನಾಳೆ ನನ್ನದು. ನೀರು ಬತ್ತಲಿ ಎನ್ನಲು ಇಬ್ಬರಿಗೂ ಇರುವುದು ಒಂದೇ ಹಳ್ಳ. ಟಿ.ವಿ. ಸುಟ್ಟುಹೋಗಲಿ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಲಲಿತ ಒಂದು ಸುತ್ತು ಮುಗಿಸಿ ಎದುರಿಗೇ ಬಂದು ಕಣ್ಣುಮುಚ್ಚಿ ಕೈ ಮುಗಿದಳು. ನುಂಗಿಕೊಂಡೆ.

"ಬೇಗ ಹೇಳಿ ಗೌಡ್ರೆ, ನೈವೇದ್ಯಕ್ಕೆ ಹೊತ್ತಾಯ್ತು."

"ಒಂದು ಕೆಲ್ಸ ಮಾಡಿ. ಅವ್ರಿಗೆ ಒಳ್ಳೆ ಬುದ್ಧಿ ಬರ್ಲಿ ಅನ್ನಿ" ಎಂದೆ, ಸೋತವನ ದನಿಯಲ್ಲಿ.

ಭಟ್ಟರು ಒಳಗೆ ಹೋಗಿ ಒಂದು ಕಾಯಿ ಒಡೆದು, ಎರಡು ಹೋಳನ್ನೂ ಬೇರೆಬೇರೆ ಬಾಳೆಲೆಯಲ್ಲಿ ಕಟ್ಟಿ ತಂದರು. "ಇದು ನಿಮ್ದು. ಇದು ರುದ್ರೇಗೌಡ್ರದ್ದು. ಬೆಳಿಗ್ಗೆ ಕಾಯಿ ಕೊಟ್ಟು ಹೋಗಿದ್ರು, ನಿಮ್ಮ ಮೇಲೆ ಶತ್ರುಸಂಹಾರಕ್ಕೆ. ಅವ್ರೂ ಕಂಬಕ್ಕೊರಗಿ ಬಹಳ ಹೊತ್ತು ಯೋಚ್ನೆ ಮಾಡಿ ಕಡೆಗೆ ನಿಮಗೆ ಒಳ್ಳೆ ಬುದ್ಧಿ ಬರ್ಲಿ ಅಂದ್ರು. ಇಬ್ರುದ್ದೂ ಒಂದೇ ಸಂಕಲ್ಪ, ಎರಡು ಕಾಯಿ ಯಾಕೆ ದಂಡ? ನಿಮ್ಮ ದಾರಿಯಲ್ಲೇ ಅಲ್ವಾ, ಕೊಟ್ಬಿಡಿ" ಎಂದರು.

ನನ್ನ ಮೇಲೆಯೇ ಮಾಡಿಸಿದ ಪೂಜೆಯ ಪ್ರಸಾದವನ್ನು ನಾನೇ ಹೊತ್ತುಕೊಂಡು ಹೋಗಬೇಕು! ಬೇಡ ಎನ್ನೋಣವೆಂದರೆ ಅದು ಪ್ರಸಾದ. ಎರಡೂ ಕೈಯಲ್ಲಿ ಪೊಟ್ಟಣ ಹಿಡಿದು, "ಅದ್ಯಾರಿಗ್ರೀ ಇನ್ನೊಂದು?" ಎಂದು ಲಲಿತ ಕೇಳಿದ್ದಕ್ಕೆ ಕೆಮ್ಮಿ, ಉಣುಗೋಲಿನ ಕಡೆ ನಡೆದೆ.

ಅಲ್ಲಿ ನೋಡಿದರೆ ರುದ್ರಣ್ಣ ಮುಳ್ಳುತಂತಿಯನ್ನು ಅವಸರದಲ್ಲಿ ಕಿತ್ತು ಹಾಕುತ್ತಿದ್ದರು. ಅಂಗೈ ಗೀರಿ ರಕ್ತ ಬಂದಿತ್ತು. ನಮ್ಮನ್ನು ಕಂಡವರೇ, "ಲಲಿತಮ್ಮ, ಸತೀಶ ಫೋನ್ ಮಾಡಿದ್ದ! ಚೆನ್ನಾಗಿದಾನಂತೆ! ದೇವಸ್ಥಾನಕ್ಕೇ ಜೀಪಲ್ಲಿ ಬಂದು ಹೇಳಣ ಅಂತ ಹೊರಟ್ರೆ ಈ ದರಿದ್ರದ ತಂತಿ..." ಎಂದರು. ಲಲಿತ ಅಲ್ಲೇ ಕುಸಿದು ಕೂತು ಅತ್ತಳು. ರುದ್ರಣ್ಣನ ಕಣ್ಣಲ್ಲೂ ನೀರು. ನಾನು ಅವರ ಪೊಟ್ಟಣ ಮುಂದೆ ಚಾಚಿದೆ. "ನಿಮ್ಮ ಪ್ರಸಾದ" ಎಂದೆ. ರುದ್ರಣ್ಣ ಅದನ್ನು ನೋಡಿದರು, ನನ್ನ ಕೈಯ ಇನ್ನೊಂದನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಎರಡು ಕೈಯಲ್ಲೂ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಸತೀಶ ರಜೆಯಲ್ಲಿ ಬಂದ. ಅವನ ಜೊತೆಯವರಲ್ಲಿ ಕೆಲವರು ಬರಲಿಲ್ಲ. ಲಲಿತಳ ಸಂಕಲ್ಪ ಪೂರ್ತಿ ಈಡೇರಲಿಲ್ಲ. ಅದರ ಬಗ್ಗೆ ಅವಳಿಗೆ ದೇವರ ಮೇಲೆ ಈಗಲೂ ಸ್ವಲ್ಪ ಕೋಪವಿದೆ.

ನನ್ನ ತೊಂದರೆ ಬೇರೆ. ಉಣುಗೋಲು ಈಗ ತೆರೆದೇ ಇರುತ್ತದೆ, ಆದ್ದರಿಂದ ನನ್ನ ಪೂಜೆ ಫಲಿಸಿತು ಎಂಬುದು ನನ್ನ ವಾದ. ನಾನೀಗ ಕೇಳದೆ ಒಂದು ರೆಂಬೆಯನ್ನೂ ಕಡಿಸುವುದಿಲ್ಲ, ಆದ್ದರಿಂದ ತಮ್ಮದು ಫಲಿಸಿತು ಎಂಬುದು ರುದ್ರಣ್ಣನ ವಾದ. ಒಂದು ಸಂಜೆ ಈ ವಿಷಯಕ್ಕೇ ಮಾತು ಬೆಳೆದು, ಅವರ ಮನೆಯ ಟಿ.ವಿ. ಎದುರಿನಿಂದ ನಾನು ಎದ್ದು ಬರುವ ಹಾಗಾಯಿತು. ತೀರ್ಮಾನಕ್ಕೆಂದು ಭಟ್ಟರ ಬಳಿ ಹೋದರೆ ಅವರು, "ಅರ್ಧ ಕಾಯಿಗೆ ಅರ್ಧ ಬುದ್ಧಿ ಬಂದಿದೆ ಗೌಡ್ರೆ, ಇನ್ನೇನು ಬೇಕು?" ಎಂದು ಬಾಗಿಲು ಹಾಕಿಕೊಂಡರು. ನನಗೆ ಬರಬೇಕಾದ ಇನ್ನರ್ಧಕ್ಕೆ ಇನ್ನೊಂದು ಕಾಯಿ ಒಡೆಸಬೇಕೆಂದಿದ್ದೇನೆ. ಆದರೆ ರುದ್ರಣ್ಣ ಮೊದಲು ಒಡೆಸಲಿ ಎಂದು ಕಾಯುತ್ತಿದ್ದೇನೆ.