ನಂಬಿಕಸ್ಥನ ಕೋಟು

"ಮೂರೇ ದಿನ! ಇಡೀ ಇಂಟರ್ನೆಟ್ ಜಾಲಾಡಿ, ದುಡ್ಡಿನ ವಿಷಯದಲ್ಲಿ ಸಲಹೆ ಕೊಡೋ ಒಬ್ಬ ನಂಬಿಕಸ್ಥನ್ನ ಹಿಡಿದು ತರದಿದ್ರೆ ನಾನು ಕತ್ತರಿ ಮುಟ್ಟೋದಿಲ್ಲ!"

ಟೈಲರ್ ಮೇಜು ಗುದ್ದಿದ ರಭಸಕ್ಕೆ ಗುರುತು ಹಾಕುವ ಸೀಮೆಸುಣ್ಣ ಹಾರಿ ಕೆಳಗೆ ಬಿತ್ತು. ಪಕ್ಕದಲ್ಲಿ ಗುಂಡಿ ಹಚ್ಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

"ಮುಟ್ಟದಿದ್ರೆ ನಷ್ಟ ನಮ್ದೇ ಅಲ್ವೇನ್ರೀ?"

ವಿಷಯ ಸಣ್ಣದಲ್ಲ. ಅಂಗಡಿಯ ಮಾಲೀಕ ಮುಂದಿನ ವರ್ಷ ಮಳಿಗೆ ಮಾರುವವನಿದ್ದ. ತಾವೇ ಕೊಳ್ಳದಿದ್ದರೆ ಮೆಷಿನ್ನು ಹೊತ್ತುಕೊಂಡು ಬೀದಿಗಿಳಿಯಬೇಕು! ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಒಂಬತ್ತು ವರ್ಷ ಕೂಡಿಟ್ಟಿದ್ದರೂ ಇನ್ನೂ ಸ್ವಲ್ಪ ಕಡಿಮೆ ಬೀಳುತ್ತಿತ್ತು.

ನಮ್ಮ ಟೈಲರನ ಕಣ್ಣೆಂದರೆ ಕಣ್ಣು! ಬೀದಿಯಲ್ಲಿ ಹೋಗುವವನ ಬೆನ್ನು ನೋಡಿಯೇ ಎದೆಯ ಸುತ್ತಳತೆ ಹೇಳುವ ಮಹಾನುಭಾವ. ಆ ಕಣ್ಣನ್ನೇ ಸಲಹೆಗಾರರ ವಿಡಿಯೋಗಳ ಮೇಲೆ ಹಾಯಿಸಿದ. ಮೊದಲನೆಯವನ ಕಾಲರ್ ಸೊಟ್ಟ, ತಿರಸ್ಕೃತ! ಎರಡನೆಯವನ ತೋಳು ಉದ್ದ, ತಿರಸ್ಕೃತ! ಬಡ್ಡಿಯ ಲೆಕ್ಕವನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದ ಇನ್ನೊಬ್ಬನನ್ನು ಗುಂಡಿಯ ದಾರ ಬೇರೆ ಬಣ್ಣದ್ದೆಂದು ಓಡಿಸಿದ.

"ಅವರು ಏನ್ ಹೇಳ್ತಿದಾರೆ ಅಂತ ಕೇಳಿಸ್ಕೊಂಡ್ರಾ?"

"ಕೇಳೋದೇನಿದೆ? ಹೊಲಿಗೆ ಸುಳ್ಳು ಹೇಳಲ್ಲ ಕಣೇ!"

ಮೂರನೆಯ ದಿನ ಸಿಕ್ಕಿದ ಪುಣ್ಯಾತ್ಮ! ಎಂಥ ಕೋಟು! ಭುಜದ ಮೇಲೆ ಒಂದೇ ಒಂದು ಸುಕ್ಕಿಲ್ಲ. ಟೈಲರನಿಗೆ ಕಣ್ಣು ತುಂಬಿ ಬಂತು. ಇಷ್ಟು ತಾಳ್ಮೆಯಿಂದ ಕೋಟು ಹೊಲಿಸಿಕೊಂಡವನು ಮೋಸ ಮಾಡುವುದುಂಟೇ? ತಕ್ಷಣ ವಿಡಿಯೋ ಕಾಲ್ ಮಾಡಿದ.

"ಸಾರ್, ಒಂದೇ ವರ್ಷದಲ್ಲಿ ದುಡ್ಡು ಎರಡರಷ್ಟು! ಇವತ್ತೇ ಕಳಿಸಿಬಿಡಿ," ಎಂದಿತು ಕೋಟು.

ಟೈಲರನ ಹೆಬ್ಬೆರಳು ಆಗಲೇ ಬ್ಯಾಂಕಿನ ಆ್ಯಪ್ ಹುಡುಕುತ್ತಿತ್ತು. ಹೆಂಡತಿ ಪಕ್ಕದಿಂದ ಬಗ್ಗಿದಳು.

"ಸ್ವಾಮಿ, ನಿಮ್ಮ ನೋಂದಣಿ ನಂಬರ್ ಹೇಳ್ತೀರಾ? ಸರ್ಕಾರದ ಪಟ್ಟೀಲಿ ನೋಡ್ಕೋತೀನಿ."

"ಅಯ್ಯೋ, ಅದಾ ಅಕ್ಕಾ? ರೆಡಿ ಇದೆ! ಒಂದು ಸಹಿ ಮಾತ್ರ ಬಾಕಿ. ನಾಳೆ ಸಂಜೆ ನೂರಕ್ಕೆ ನೂರು ಕೊಡ್ತೀನಿ. ಕರೆಂಟ್ ಇರಲಿಲ್ಲ, ಇಲ್ಲಾಂದ್ರೆ ನಿನ್ನೇನೇ ಆಗ್ತಿತ್ತು!"

ಹೆಂಡತಿ ಫೋನ್ ಕಿತ್ತುಕೊಂಡು ಆಫ್ ಮಾಡಿದಳು.

"ಏನೇ ಇದು! ದೊಡ್ಡ ಮನುಷ್ಯನ ಮುಖಕ್ಕೆ ಹೊಡೆದ ಹಾಗೆ!"

"ದೊಡ್ಡ ಮನುಷ್ಯ ಅಲ್ಲ, ದೊಡ್ಡ ಸುಳ್ಳ."

"ನಿನಗೆ ಹೇಗೆ ಗೊತ್ತು?"

"ಹತ್ತೊಂಬತ್ತು ವರ್ಷದಿಂದ ಈ ಅಂಗಡೀಲಿ ಕೂತು ಇದನ್ನೇ ಕೇಳ್ತಿದೀನಲ್ರೀ! ರೆಡಿ ಇದೆ, ಗುಂಡಿ ಮಾತ್ರ ಬಾಕಿ, ನಾಳೆ ಸಂಜೆ ಖಂಡಿತ, ಕರೆಂಟ್ ಇರಲಿಲ್ಲ... ನೀವು ಹಾಗೆ ಹೇಳಿದ ದಿನ ಬಟ್ಟೆ ಗಂಟು ಬಿಚ್ಚೇ ಇರಲ್ಲ!"

ಟೈಲರನಿಗೆ ಕೋಪಕ್ಕಿಂತ ಬೆರಗೇ ಹೆಚ್ಚಾಯಿತು. ತನ್ನ ಕಣ್ಣು ಮೂರು ದಿನ ಒದ್ದಾಡಿದ್ದನ್ನು ಇವಳ ಕಿವಿ ಅರ್ಧ ನಿಮಿಷದಲ್ಲಿ ಮುಗಿಸಿತ್ತು!

ಪಟ್ಟಿಯಲ್ಲಿ ಆ ಕೋಟಿನವನ ಹೆಸರೇ ಇರಲಿಲ್ಲ. ಹೆಂಡತಿ ಅದೇ ಪಟ್ಟಿಯಿಂದ ಒಬ್ಬ ಹೆಂಗಸನ್ನು ಹುಡುಕಿ ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿದಳು.

"ನನ್ನ ಫೀಸು ಇಷ್ಟು. ವರ್ಷದಲ್ಲಿ ಬೇಕಾಗೋ ದುಡ್ಡನ್ನ ಬ್ಯಾಂಕಲ್ಲೇ ಠೇವಣಿ ಇಡಿ. ಕಡಿಮೆ ಬಿದ್ದಿದ್ದಕ್ಕೆ ಬ್ಯಾಂಕ್ ಸಾಲ ಕೇಳಿ. ದುಡ್ಡು ಎರಡರಷ್ಟು ಮಾಡೋದು ನನಗೆ ಬರಲ್ಲ," ಎಂದರು ಆಕೆ.

"ಕಾಲರ್ ಸೊಟ್ಟ ಇದೆ ಕಣೇ," ಟೈಲರ್ ಪಿಸುಗುಟ್ಟಿದ.

"ಮಾತು ನೆಟ್ಟಗಿದೆ," ಎಂದು ಹೆಂಡತಿ ಫೀಸು ಕಟ್ಟಿದಳು. ಮಳಿಗೆಯ ದುಡ್ಡು ಕ್ಷೇಮವಾಗಿ ಉಳಿಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ನಿಂತಿದ್ದ. "ಬಟ್ಟೆ ಕೊಟ್ಟು ತಿಂಗಳಾಯ್ತು. ನನ್ನ ಪ್ಯಾಂಟು ಏನಾಯ್ತು?"

ಟೈಲರನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಹೆಂಡತಿಯ ಸೂಜಿ ಗಾಳಿಯಲ್ಲೇ ನಿಂತಿತು. ಅವನು ಮೂಲೆಯಲ್ಲಿದ್ದ ಬಟ್ಟೆ ಗಂಟು ಎತ್ತಿ ತೋರಿಸಿದ.

"ಇನ್ನೂ ಕತ್ತರಿಸೇ ಇಲ್ಲ ಮಾರಾಯ್ರೇ. ಶುರು ಮಾಡಬೇಕು."

ಪೋಸ್ಟ್‌ಮ್ಯಾನ್ ಗಾಬರಿಯಾಗಿ ಹೆಂಡತಿಯ ಕಡೆ ತಿರುಗಿದ.

"ಏನಮ್ಮಾ, ಯಜಮಾನ್ರಿಗೆ ಮೈ ಹುಷಾರಿಲ್ವಾ?"