ಹಳದಿ ಬಲ್ಬಿಗೆ ತಲೆಯಾಡಿಸಿದವನು

ನನ್ನ ತಮ್ಮನಿಗೆ ಮಾತು ಬೇಗ ಬಂತು. ‘ಒಲ್ಲೆ’ ಅನ್ನುವ ಒಂದು ಮಾತು ಮಾತ್ರ ತಲೆ ನರೆತರೂ ಬಂದಿರಲಿಲ್ಲ! ಕೂತ್ಕೋ ಅಂದರೆ ಕೂರುತ್ತಾನೆ, ಏಳು ಅಂದರೆ ಏಳುತ್ತಾನೆ. ಇಬ್ಬರು ಒಟ್ಟಿಗೆ ಎರಡನ್ನೂ ಹೇಳಿದರೆ? ಮೊಣಕಾಲು ಬಗ್ಗಿಸಿ ಅರ್ಧದಲ್ಲೇ ನಿಲ್ಲುತ್ತಾನೆ.

ಒಮ್ಮೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಮೊಳಕಾಲ್ಮುರು ಬಸ್ಸು ಈ ಕಡೆ ಬರುತ್ತದೆ ಅಂತ ಹಣ್ಣಿನವನು ಅಂದನಂತೆ, ಆ ಕಡೆ ಅಂತ ಹೂವಿನವಳು. ಇಬ್ಬರ ಮನಸ್ಸೂ ನೋಯಬಾರದಲ್ಲ! ನಡುವೆ ನಿಂತ. ಬಸ್ಸು ಮೂಗಿನ ಮುಂದೆಯೇ ಹೋಯಿತು. ಕೈ ಯಾಕೆ ಅಡ್ಡ ಹಿಡಿಯಲಿಲ್ಲ ಅಂತ ಕೇಳಿದರೆ, “ಡ್ರೈವರ್ರು ಪಕ್ಕಕ್ಕೆ ಸರಿ ಅಂದ್ರಕ್ಕ, ಸರ್ದೆ” ಅಂದ.

ರೇಷ್ಮೆ ಸೀರೆಯ ಅಂಚಿಗೆ ಚಿತ್ರ ಬರೆಯುವುದು ಅವನ ಕಸುಬು. ಗ್ರಾಫ್ ಕಾಗದದಲ್ಲಿ ಒಂದೊಂದೇ ಚೌಕ ತುಂಬಿ ಮಗ್ಗದವರಿಗೆ ಗಿಳಿ, ಮಾವಿನಕಾಯಿ ಬರೆದುಕೊಡುತ್ತಿದ್ದ. ಊರಿಗೆ ಮೊಬೈಲು ಹೊಸದಾಗಿ ಬಂದಿದ್ದ ಕಾಲ. ಯಾರೋ ಕಂಪ್ಯೂಟರ್ ಕಲಿ ಅಂದರು. ಕಲಿತ, ಇನ್ನೇನು ಮಾಡುತ್ತಾನೆ! ಒಂದು ಗಿಳಿ ಬರೆದುಕೊಟ್ಟರೆ ಅಂಚಿನುದ್ದಕ್ಕೂ ತಾನೇ ಬರೆಯುವಂಥ ಪ್ರೋಗ್ರಾಂ ಮಾಡುತ್ತೇನೆ, ಮಗಳ ಧಾರೆ ಸೀರೆಗೆ ಅದೇ ಅಂಚು ಅಂತ ಕೂತ. ಮದುವೆ ಹತ್ತಿರ ಬಂತು. ಮಗ್ಗ ಖಾಲಿ ಕಾಯುತ್ತಿತ್ತು.

ತಡ ಯಾಕೆ ಅಂತ ನೋಡಲು ಹೋದೆ. ಪ್ರೋಗ್ರಾಂ ಬರೆಯುವುದಕ್ಕೆ ಎಡಿಟರ್ ಅಂತ ಒಂದಿದೆಯಂತೆ. ಪರದೆಯ ಮೇಲೆ, ಬರೆದ ಸಾಲಿನ ಪಕ್ಕದಲ್ಲಿ ಹಳದಿ ಬಲ್ಬು ಹತ್ತಿಸಿ ಬುದ್ಧಿ ಹೇಳುತ್ತದೆ. ನಾನು ಓದಿದ್ದು ಮೂರನೇ ಕ್ಲಾಸು. ಅವನ ಮಗಳೇ ಓದಿ ಹೇಳಿದಳು. ‘ಸಾಲು ಉದ್ದವಾಯಿತು, ಎರಡು ಮಾಡಿ’ ಅಂದಿತು ಬಲ್ಬು. ಮಾಡಿದ. ಮತ್ತೆ ಹತ್ತಿತು: ‘ಈ ಎರಡು ಸಾಲನ್ನು ಒಂದು ಮಾಡಬಹುದು.’ ಮಾಡಿದ! ಬೆಳಗಿನಿಂದ ಇದೇ ಕೆಲಸವಂತೆ. ಅತ್ತೆ ಸೊಸೆ ಇಬ್ಬರೂ ಆ ಡಬ್ಬಿಯೊಳಗೆ ಸೇರಿಕೊಂಡಿದ್ದರೋ ಏನೋ!

“ಅದು ತಪ್ಪು ಅಂತಿಲ್ಲತ್ತೆ, ಬರೀ ಸಲಹೆ. ಬಿಟ್ರೂ ನಡೀತೈತೆ” ಅಂದಳು ಹುಡುಗಿ.

“ಕೇಳಿದ್ಯೇನಲೇ? ಬಿಡು ಅದನ್ನ.”

“ಅಷ್ಟು ತಿಳಿದೋರು ಹೇಳ್ತಾರೆ, ಹೆಂಗ್ ಬಿಡ್ಲಕ್ಕ?”

ಬಲ್ಬಿಗೂ ಬಹುವಚನ!

ಅಷ್ಟರಲ್ಲಿ ಅದು ಮತ್ತೆ ಹತ್ತಿತು. ಹುಡುಗಿ ಒಮ್ಮೆ ಅಪ್ಪನ ಮುಖ ನೋಡಿ, ಮೆಲ್ಲಗೆ ಓದಿ ಹೇಳಿದಳು. ಪ್ರೋಗ್ರಾಂನಲ್ಲಿ ಗಿಳಿಗೊಂದು, ಅಂಚಿಗೊಂದು ಹೆಸರಿಡಬೇಕಂತೆ. ಅವೆಲ್ಲಕ್ಕಿಂತ ಮೇಲೆ, ಮೊದಲ ಸಾಲಿನಲ್ಲಿ, ಇವನು ‘ಗಂಗಮ್ಮ’ ಅಂತ ಇಟ್ಟಿದ್ದ. ತೀರಿಕೊಂಡ ಹೆಂಡತಿಯ ಹೆಸರು. ‘ಈ ಹೆಸರನ್ನು ಎಲ್ಲೂ ಬಳಸಿಲ್ಲ, ತೆಗೆದುಹಾಕಬಹುದು’ ಅನ್ನುತ್ತಿತ್ತು ಬಲ್ಬು.

ನನಗೆ ಅಳು ಗಿಳು ಬರುವುದಿಲ್ಲ. ಸೀರೆ ಆಗಬೇಕು, ಕೆಲಸಕ್ಕೆ ಬಾರದ್ದು ಯಾಕೆ, ತೆಗಿ ಅಂತ ನಾನೂ ಅಂದೆ.

ತಮ್ಮ ಕೀಬೋರ್ಡಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಒಲ್ಲೆ” ಅಂದ.

ಬಲ್ಬಿಗೆ ಅಂದನೋ ನನಗೆ ಅಂದನೋ ತಿಳಿಯಲಿಲ್ಲ. ಆಮೇಲೆ ಅದು ಎಷ್ಟು ಹತ್ತಿದರೂ ಅವನು ಆ ಕಡೆ ನೋಡಲಿಲ್ಲ. ಸಂಜೆಗೆ ಗಿಳಿಗಳು ಸಾಲುಗಟ್ಟಿದವು.

ಧಾರೆಯ ದಿನ ನೋಡಿದವರೆಲ್ಲ ಅಂಚಿನ ಗಿಳಿಗಳನ್ನು ಹೊಗಳಿದರು. ಅವುಗಳ ಮೇಲೆ, ಪ್ರೋಗ್ರಾಂನ ಮೊದಲ ಸಾಲಿನಲ್ಲಿ, ಗಂಗಮ್ಮ ಸುಮ್ಮನೆ ಇದ್ದದ್ದು ನಮ್ಮ ಮೂವರಿಗೇ ಗೊತ್ತು.